ಗುಜರಿಗೆ ಬೀಳದ ಹಾಡು

1930ರ ಜನವರಿ 17ರಂದು ಮೈಸೂರಿನಲ್ಲಿ ಗಾಯಕಿ ಗೌಹರ್ ಜಾನ್ ಕಣ್ಣು ಮುಚ್ಚಿದಾಗ ಅವರ ವೈಭವದ ದಿನಗಳು ಮುಗಿದು ಬಹಳ ಕಾಲವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಅವರು ಬಂದದ್ದು 1928ರಲ್ಲಿ. ಅದಕ್ಕೆ ಕಾಲು ಶತಮಾನ ಮೊದಲೇ, 1902ರ ನವೆಂಬರಿನಲ್ಲಿ, ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ತಂದಿದ್ದ ಯಂತ್ರದ ಕೊಳವೆಗೆ ಮುಖವೊಡ್ಡಿ ಹಾಡಿದ್ದರು. ಮೂರು ನಿಮಿಷದ ಹಾಡು ಮುಗಿಯುತ್ತಿದ್ದಂತೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಾರೆ. ಕೇಳಿದವರು ಅದನ್ನು ಬಿಂಕವೆಂದುಕೊಳ್ಳುವುದುಂಟು. ತಟ್ಟೆ ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಯಾವ ಹಾಡು ಯಾರದೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಮಾಡಿಕೊಂಡಿದ್ದ ಏರ್ಪಾಡು ಅದು.

ಆ ತಟ್ಟೆಯ ಮೂಲವಸ್ತು ಅರಗು. ಮರದ ಕೊಂಬೆಗೆ ಅಂಟಿದ ಹುಳು ಸ್ರವಿಸುವ, ಪಾಂಡವರ ಮನೆಯನ್ನು ಸುಟ್ಟ ಅದೇ ಅರಗು. ಕೈ ಜಾರಿದರೆ ಒಡೆಯುತ್ತಿತ್ತು, ಬಿಸಿಲಿಗೆ ಬಾಗುತ್ತಿತ್ತು, ಮುಳ್ಳು ತಾಗಿದಷ್ಟೂ ಸವೆಯುತ್ತಿತ್ತು. ಇಷ್ಟು ನಾಜೂಕಾದ ವಸ್ತುವಿನ ಮೇಲೆ ಕೊರೆದ ದನಿ 120 ವರ್ಷ ದಾಟಿ ಇಂದಿಗೂ ಕೇಳಿಸುತ್ತದೆ. ಕೊಂಡವರ ಮನೆಯ ಅಟ್ಟ, ಆಮೇಲೆ ಗುಜರಿ ಅಂಗಡಿ, ಆಮೇಲೆ ಹಳೆಯ ಸಾಮಾನಿನ ಸಂತೆ, ಕೊನೆಗೆ ಯಾರೋ ಹುಚ್ಚು ಸಂಗ್ರಾಹಕ: ತಟ್ಟೆಗಳು ನಡೆದು ಬಂದ ದಾರಿ ಇದು. ಗೌಹರ್ ಜಾನ್ ಜೀವನಚರಿತ್ರೆ ಬರೆದ ಬೆಂಗಳೂರಿನ ವಿಕ್ರಂ ಸಂಪತ್ ಆಮೇಲೆ ಇಂಥ ಹಳೆಯ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸಕ್ಕೇ ಒಂದು ಸಂಸ್ಥೆ ಕಟ್ಟಿದರು. ಗುಜರಿಯವನು ತೂಕಕ್ಕೆ ಹಾಕಿ ಕೊಂಡದ್ದು ಇತಿಹಾಸಕಾರನ ಕೈಗೆ ಆಧಾರವಾಗಿ ಬಂತು.

ಇದರ ಪಕ್ಕದಲ್ಲಿ ಇನ್ನೊಂದು ಕಥೆಯನ್ನಿಟ್ಟು ನೋಡಬೇಕು. ಗೌಹರ್ ಜಾನ್ ತೀರಿಕೊಂಡ ನಾಲ್ಕು ವರ್ಷಕ್ಕೆ, 1934ರ ಮಾರ್ಚ್ 3ರಂದು, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಪಾತ್ರವರ್ಗ, ಕೊಲ್ಹಾಪುರದ ಸ್ಟುಡಿಯೊದಲ್ಲಿ ಚಿತ್ರೀಕರಣ. ಜನ ಮುಗಿಬಿದ್ದು ನೋಡಿದ ಚಿತ್ರ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. 1902ರ ಮೂರು ನಿಮಿಷದ ಹಾಡು ಉಳಿದು, 1934ರ ಇಡೀ ಸಿನಿಮಾ ಹೇಗೆ ಕಾಣೆಯಾಯಿತು?

ಆ ಕಾಲದ ನೈಟ್ರೇಟ್ ಫಿಲ್ಮು ಬೆಂಕಿಗೆ ಬಲು ಬೇಗ ತುತ್ತಾಗುತ್ತಿತ್ತು, ತಾನೇ ಕೊಳೆತು ಪುಡಿಯಾಗುತ್ತಿತ್ತು, ಅದರಲ್ಲಿದ್ದ ಬೆಳ್ಳಿಯ ಆಸೆಗೆ ಕರಗಿಸಿದವರೂ ಇದ್ದರು. ಅಷ್ಟೇ ಕಾರಣವೆಂದರೆ ಅರ್ಧ ಹೇಳಿದಂತೆ. ಉಳಿದರ್ಧ ವ್ಯಾಪಾರದ ರೀತಿಯಲ್ಲಿದೆ. ಗ್ರಾಮಫೋನ್ ತಟ್ಟೆಯನ್ನು ಜನರಿಗೆ ಮಾರುತ್ತಿದ್ದರು. ಸಿನಿಮಾದ ಪ್ರಿಂಟನ್ನು ಯಾರಿಗೂ ಮಾರುತ್ತಿರಲಿಲ್ಲ. ಬೆರಳೆಣಿಕೆಯ ಪ್ರತಿಗಳು ತಗಡಿನ ಡಬ್ಬಿಯಲ್ಲಿ ಊರೂರು ಸುತ್ತಿ, ಹಂಚಿಕೆದಾರನ ಗೋದಾಮಿಗೆ ವಾಪಸು ಬರುತ್ತಿದ್ದವು. ಪ್ರೇಕ್ಷಕ ಕಾಸು ಕೊಟ್ಟು ನೋಡಿ ಎದ್ದು ಹೋಗುತ್ತಿದ್ದ. ಅವನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ವಸ್ತು ಒಡೆಯನ ಬಳಿಯೇ ಇತ್ತು, ಒಡೆಯನಿಗೆ ಬೇಡವಾದ ದಿನ ಇಲ್ಲವಾಯಿತು.

ಕ್ಯಾಸೆಟ್ಟು, ಸಿ.ಡಿ., ಡಿ.ವಿ.ಡಿ.ಗಳ ಅವಸಾನದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಹಳೆಯ ನೆನಪಿನ ಕಡೆ ಹೊರಳುತ್ತಾರೆ: ಪೆನ್ಸಿಲ್ ತೂರಿಸಿ ಕ್ಯಾಸೆಟ್ ಸುತ್ತಿದ್ದು, ಹೊಸ ಚಿತ್ರದ ಧ್ವನಿಸುರುಳಿಯ ಹೊದಿಕೆಯನ್ನು ಬಿಚ್ಚಿ ಗೀತೆಕಾರರ ಹೆಸರು ಓದಿದ್ದು. ಸೊಗಸಾದ ನೆನಪುಗಳೇ. ವಾದಕ್ಕೆ ಮಾತ್ರ ಒದಗುವುದಿಲ್ಲ. ಹಳೆಯದರ ವಾಸನೆಗಾಗಿ ಹೊಸ ಅನುಕೂಲವನ್ನು ಬಿಡಿ ಎಂದರೆ ಯಾರೂ ಕೇಳರು, ಕೇಳಬೇಕಾಗಿಯೂ ಇಲ್ಲ. ಬೀದರಿನ ಹುಡುಗನಿಗೆ ಬೆಂಗಳೂರಿನ ಹುಡುಗನಿಗೆ ಸಿಕ್ಕ ಕ್ಷಣದಲ್ಲೇ ಹಾಡು ಸಿಗುತ್ತದೆ. ಊರಿಗೆ ಬಂದುಹೋಗುವಾಗ ಸೂಟ್‌ಕೇಸಿನಲ್ಲಿ ಕ್ಯಾಸೆಟ್ ತುಂಬಿಕೊಂಡು ಹೋಗುತ್ತಿದ್ದ ಅಮೆರಿಕದ ಕನ್ನಡಿಗರು ಈಗ ಬಿಡುಗಡೆಯ ದಿನವೇ ಕೇಳುತ್ತಾರೆ. ಇದು ಸಣ್ಣ ಲಾಭವಲ್ಲ. ತೊಂದರೆ ಇರುವುದು ಬೇರೆ ಕಡೆ. ಕೇಳುಗನಿಗೆ ಹಾಡು ತಲುಪುವ ವ್ಯಾಪಾರ ಗ್ರಾಮಫೋನ್ ತಟ್ಟೆಯ ರೀತಿಯಿಂದ ಸಿನಿಮಾ ಡಬ್ಬಿಯ ರೀತಿಗೆ ಸದ್ದಿಲ್ಲದೆ ಜಾರಿದೆ.

ಜಾರಿದ್ದು ಒಂದೇ ಏಟಿಗಲ್ಲ. 1970ರ ದಶಕದ ಕೊನೆಯವರೆಗೆ ಧ್ವನಿಮುದ್ರಣವೆಂದರೆ ಎಚ್‌ಎಂವಿ ಎಂಬಂತಿತ್ತು. ಕ್ಯಾಸೆಟ್ ಬಂದು ಆ ಕೋಟೆ ಒಡೆಯಿತು. ಸಣ್ಣ ಬಂಡವಾಳದವನೂ ಕಂಪನಿ ತೆರೆಯಬಹುದಾಯಿತು. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿಯೆಂದು ಹೆಸರಾದ, ನಿಸಾರ್ ಅಹಮದ್ ಅವರ ಗೀತೆಗಳ 'ನಿತ್ಯೋತ್ಸವ' ಹೊರಬಂದದ್ದು 1978ರಲ್ಲಿ. ಹಿಂದೆಯೇ ಶರೀಫರ ತತ್ವಪದ, ಕರಾವಳಿಯಲ್ಲಿ ತಾಳಮದ್ದಳೆ, ಉತ್ತರ ಕರ್ನಾಟಕದಲ್ಲಿ ಜನಪದ ಹಾಡು ಎಲ್ಲವೂ ಟೇಪಿನ ಮೇಲೇರಿದವು. ದೊಡ್ಡ ಕಂಪನಿ ಮೂಸಿಯೂ ನೋಡದ ದನಿಗಳು ಮನೆಮನೆಯ ಕಪಾಟಿಗೆ ಬಂದು ಕುಳಿತವು. ಮುಂದೆ ಸಿ.ಡಿ. ಬಂತು, ಫುಟ್‌ಪಾತಿನಲ್ಲಿ ನೂರಾರು ಹಾಡುಗಳ ಕಳ್ಳ ಎಂಪಿ3 ಸಿ.ಡಿ. ಬಂತು. ಅದಾದ ಮೇಲೆ ಮೊಬೈಲ್ ರಿಚಾರ್ಜ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು 'ಹಾಕಿಸಿಕೊಳ್ಳುವ' ಕಾಲ. ಕಾನೂನಿನ ಕಣ್ಣಿಗೆ ಅದು ಕಳ್ಳತನವೇ. ಆದರೂ ಗಮನಿಸಬೇಕಾದ್ದಿದೆ: ಅಲ್ಲಿಯವರೆಗೂ ಹಾಡು ಕೇಳುವವನ ಜೇಬಿನಲ್ಲಿತ್ತು. ಖಾಸಗಿ ಬಸ್ಸಿನ ಡ್ರೈವರು, ಟ್ರ್ಯಾಕ್ಟರ್ ಓಡಿಸುವವನು ಇವತ್ತಿಗೂ ಪೆನ್‌ಡ್ರೈವ್ ಬಿಟ್ಟುಕೊಟ್ಟಿಲ್ಲ. ನೆಟ್‌ವರ್ಕ್ ಸಿಗದ ಘಾಟಿಯಲ್ಲಿ ಅವರಿಗೆ ಅದರ ಬೆಲೆ ಗೊತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ನೀರಿನಂತೆ ಹರಿದ ಮೇಲೆ ಉಳಿದವರು ಹಾಡನ್ನು ಇಟ್ಟುಕೊಳ್ಳುವ ಅಭ್ಯಾಸವನ್ನೇ ಬಿಟ್ಟರು.

ಹಾಗೆಂದು ಡೌನ್‌ಲೋಡನ್ನೇ ಅಪರಾಧಿಯೆಂದು ನಿಲ್ಲಿಸುವುದು ಅವಸರದ ತೀರ್ಪು. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರುವರಿಯಲ್ಲಿ 'ಫ್ಲೈಟ್' ಎಂಬ ಹಾಡಿನ ಅಂಗಡಿ ತೆರೆದಿತ್ತು. ಬಿಡಿ ಬಿಡಿಯಾಗಿ ಎಂಪಿ3 ಮಾರಾಟ, ಕಡತಕ್ಕೆ ಬೀಗವಿಲ್ಲ. ವ್ಯಾಪಾರ ಕುದುರದೆ 2013ರ ಜೂನ್‌ನಲ್ಲಿ ಬಾಗಿಲು ಹಾಕಿತು. ಕೊಂಡವರು ತಮ್ಮ ಹಾಡುಗಳನ್ನು ಇಳಿಸಿಕೊಳ್ಳಲು ಒಂದಷ್ಟು ಕಾಲಾವಕಾಶ ಕೊಟ್ಟಿತು. ಆಗ ಇಳಿಸಿಟ್ಟುಕೊಂಡವರ ಕಂಪ್ಯೂಟರಿನಲ್ಲಿ ಆ ಹಾಡುಗಳು ಈಗಲೂ ಹಾಡಬಲ್ಲವು. ಏರ್‌ಟೆಲ್‌ನ 'ವಿಂಕ್' ಆ್ಯಪ್ 2024ರಲ್ಲಿ ಮುಚ್ಚಿದಾಗ ಹೀಗಾಗಲಿಲ್ಲ. ಅಲ್ಲಿ 'ಡೌನ್‌ಲೋಡ್' ಎಂದರೆ ಆ್ಯಪ್ ಒಳಗೇ ಬೀಗ ಹಾಕಿಟ್ಟ ಕಡತ. ಆ್ಯಪ್ ಹೋದ ಮೇಲೆ ಹಾಡೂ ಹೋಯಿತು. ಎರಡಕ್ಕೂ ಒಂದೇ ಪದ, ಅರ್ಥ ಮಾತ್ರ ಸ್ವಂತ ಮನೆಗೂ ಬಾಡಿಗೆ ಮನೆಗೂ ಇರುವಷ್ಟು ದೂರ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಈ ದೂರ ಕಂಡಿದೆ. 2025ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ, ಗಿರಾಕಿಗೆ ಸಿಗುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿನ ಮೇಲೆ 'ಖರೀದಿಸಿ' ಎಂಬ ಗುಂಡಿ ಇಡುವಂತಿಲ್ಲ. ಅಂತರ್ಜಾಲದ ಹಂಗಿಲ್ಲದೆ ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ ಡೌನ್‌ಲೋಡ್‌ಗೆ ಈ ನಿಯಮದಿಂದ ವಿನಾಯಿತಿಯಿದೆ. ಗೆರೆಯನ್ನು ಸರಿಯಾದ ಜಾಗದಲ್ಲೇ ಎಳೆದಿದ್ದಾರೆ. ಒಂದೇ ಕೊರತೆಯೆಂದರೆ, ಕಾನೂನು ಮೋಸದ ಪದವನ್ನು ತಿದ್ದುತ್ತದೆಯೇ ಹೊರತು ಕೊಂಡವನ ಕೈಗೆ ವಸ್ತುವನ್ನು ಕೊಡುವುದಿಲ್ಲ.

ವಸ್ತು ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಪುರಾವೆ ಹುಡುಕಿ ಹೋಗಬೇಕಿಲ್ಲ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ಓದುಗರ ಕಿಂಡಲ್‌ಗಳೊಳಗಿಂದ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿತು. ಮಾರಿದವರಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣ ವಾಪಸು ಬಂತು. ಅಳಿಸಿದ ಪುಸ್ತಕಗಳು ಜಾರ್ಜ್ ಆರ್ವೆಲ್‌ನ '1984' ಮತ್ತು 'ಅನಿಮಲ್ ಫಾರ್ಮ್' ಎಂಬುದು ಯಾವ ಕಾದಂಬರಿಕಾರನೂ ಬರೆಯಲು ಅಂಜುವ ವ್ಯಂಗ್ಯ. ಶಾಲೆಯ ಪಾಠಕ್ಕೆಂದು ಓದುತ್ತಿದ್ದ ಹುಡುಗನೊಬ್ಬ ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳು ಪುಸ್ತಕದೊಂದಿಗೇ ನಿರುಪಯುಕ್ತವಾಗಿ, ವಿಷಯ ಕೋರ್ಟಿಗೆ ಹೋಗಿ, ಕಂಪನಿ 1,50,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿತು. ಕೊಂಡವರ ಪುಸ್ತಕಗಳೆಲ್ಲ ಒಟ್ಟಿಗೆ ಮಾಯ, ಅಲ್ಲಿಯೂ ಹಣ ವಾಪಸು. ಬೀದಿಯ ಪುಸ್ತಕ ವ್ಯಾಪಾರಿ ಅಂಗಡಿ ಮುಚ್ಚಿದ ದಿನ ಗಿರಾಕಿಗಳ ಮನೆಗೆ ನುಗ್ಗಿ, ದುಡ್ಡು ಮೇಜಿನ ಮೇಲಿಟ್ಟು, ಮಾರಿದ್ದ ಪುಸ್ತಕಗಳನ್ನೆಲ್ಲ ಹೊತ್ತೊಯ್ದರೆ ಊರವರು ಸುಮ್ಮನಿರುತ್ತಿದ್ದರೇ?

ಸಿನಿಮಾದಲ್ಲಿ ಕಥೆ ಇನ್ನೂ ವೇಗದ್ದು. ಡಿಸ್ನಿ ಕಂಪನಿ 'ಕ್ರೇಟರ್' ಎಂಬ ಚಿತ್ರವನ್ನು 2023ರ ಮೇ ತಿಂಗಳಲ್ಲಿ ತನ್ನ ಓಟಿಟಿಗೆ ತಂದು ಏಳು ವಾರಕ್ಕೇ ಕಿತ್ತುಹಾಕಿತು. ಅದೇ ವರ್ಷ ಸೆಪ್ಟೆಂಬರ್ 29ರಂದು ನೆಟ್‌ಫ್ಲಿಕ್ಸ್ ತನ್ನ ಕೊನೆಯ ಡಿ.ವಿ.ಡಿ.ಯನ್ನು ಅಂಚೆಗೆ ಹಾಕಿತು. 1998ರಿಂದ ಅಲ್ಲಿಯವರೆಗೆ 500 ಕೋಟಿಗೂ ಹೆಚ್ಚು ಡಿಸ್ಕ್‌ಗಳನ್ನು ಬಾಡಿಗೆಗೆ ಕಳಿಸಿದ್ದ ಕಂಪನಿ, ಕೊನೆಯ ಕಂತಿನ ಡಿಸ್ಕ್‌ಗಳನ್ನು ಹಿಂದಿರುಗಿಸಬೇಕಿಲ್ಲ ಎಂದಿತು. ಬಾಡಿಗೆಯ ವಸ್ತು ಸ್ವಂತದ್ದಾಗಲು ಅಂಗಡಿಯೇ ಮುಚ್ಚಬೇಕಾಯಿತು. ಭಾರತದಲ್ಲಿ ವೂಟ್ ಜಿಯೊಸಿನಿಮಾದಲ್ಲಿ ಕರಗಿತು, ಜಿಯೊಸಿನಿಮಾ 2025ರ ಫೆಬ್ರುವರಿಯಲ್ಲಿ ಹಾಟ್‌ಸ್ಟಾರ್ ಜೊತೆ ಕೂಡಿ ಜಿಯೊಹಾಟ್‌ಸ್ಟಾರ್ ಆಯಿತು. ಒಳಗಿದ್ದ ಕನ್ನಡ ಚಿತ್ರಗಳ ವಿಳಾಸ ಹೊರಗಿನ ಬೋರ್ಡಿನೊಂದಿಗೇ ಬದಲಾಗುತ್ತದೆ. ಹೊಸ ವಿಳಾಸಕ್ಕೆ ಬಂದೇ ಬರುತ್ತವೆಂಬ ಭರವಸೆ ಪ್ರೇಕ್ಷಕನಿಗೆ ಯಾರೂ ಕೊಟ್ಟಿಲ್ಲ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ಪುಸ್ತಕ ಮಾರುವವರು ಯಾವ ಹಕ್ಕಿನಿಂದ ಮಾರುತ್ತಾರೆ ಎಂಬ ಪ್ರಶ್ನೆ ಗಿರಾಕಿಗೆ ಹೊಳೆಯುವುದೇ ಇಲ್ಲ. ಉತ್ತರ ಕೃತಿಸ್ವಾಮ್ಯದ ಕಾನೂನಿನಲ್ಲೇ ಇದೆ. ಭಾರತದ 1957ರ ಕಾಯ್ದೆ ಪ್ರತಿಗಳನ್ನು ಸಾರ್ವಜನಿಕರಿಗೆ ಬಿಡುಗಡೆ ಮಾಡುವ ಹಕ್ಕನ್ನು ಲೇಖಕನಿಗೆ ಕೊಟ್ಟರೂ, ಈಗಾಗಲೇ ಚಲಾವಣೆಗೆ ಬಂದ ಪ್ರತಿಯನ್ನು ಅದರಿಂದ ಹೊರಗಿಡುತ್ತದೆ. ಅಮೆರಿಕದಲ್ಲಿ ಈ ತತ್ವ ಗಟ್ಟಿಯಾದದ್ದು 1908ರಲ್ಲಿ. ಒಂದು ಡಾಲರಿಗಿಂತ ಕಡಿಮೆಗೆ ಮಾರಕೂಡದೆಂದು ಪ್ರಕಾಶಕರು ಪುಸ್ತಕದೊಳಗೇ ಅಚ್ಚು ಹಾಕಿಸಿದ್ದರು. ಮೇಸಿ ಅಂಗಡಿಯವರು 89 ಸೆಂಟಿಗೆ ಮಾರಿದರು. ಸುಪ್ರೀಂ ಕೋರ್ಟು ಅಂಗಡಿಯ ಪರ ನಿಂತಿತು. ಒಮ್ಮೆ ಮಾರಿದ ಮೇಲೆ ಆ ಪ್ರತಿಯ ಮೇಲೆ ಮಾರಿದವನ ಹಿಡಿತ ಮುಗಿಯಿತು. ಸಾಲ ಕೊಡುವುದು, ಮಗಳಿಗೆ ಬಿಟ್ಟುಹೋಗುವುದು, ಗುಜರಿಗೆ ಹಾಕುವುದು, ಸಾರ್ವಜನಿಕ ಗ್ರಂಥಾಲಯ ನಡೆಸುವುದು ಎಲ್ಲವೂ ನಿಂತಿರುವುದು ಇದೇ ತಳಪಾಯದ ಮೇಲೆ.

ಈ ತಳಪಾಯ ಡಿಜಿಟಲ್ ಕಡತದ ಕೆಳಗೆ ಇಲ್ಲ. ಹಳೆಯ ಹಾಡಿನ ಕಡತಗಳ ಮಾರಾಟಕ್ಕೆಂದು 2011ರಲ್ಲಿ ಹುಟ್ಟಿದ 'ರಿಡಿಜಿ' ಎಂಬ ಅಮೆರಿಕನ್ ಕಂಪನಿ ಎರಡು ಕೋರ್ಟುಗಳಲ್ಲಿ ಸೋತಿತು. ಕಡತವೊಂದು ಇಲ್ಲಿಂದ ಅಲ್ಲಿಗೆ ಹೋಗಬೇಕಾದರೆ ಅಲ್ಲಿ ಹೊಸ ನಕಲು ಹುಟ್ಟಲೇಬೇಕು, ನಕಲಿನ ಹಕ್ಕು ಸಂಗೀತ ಕಂಪನಿಯದ್ದು ಎಂಬುದು ತರ್ಕ. ಯೂರೋಪಿನ ನ್ಯಾಯಾಲಯವೂ 2019ರಲ್ಲಿ ಹಳೆಯ ಇ-ಪುಸ್ತಕಗಳ ವ್ಯಾಪಾರಕ್ಕೆ ಬಾಗಿಲು ಮುಚ್ಚಿತು. ತರ್ಕದಲ್ಲಿ ದೋಷವಿಲ್ಲದಿರಬಹುದು. ಅದರ ಫಲವೇನೆಂದರೆ, ಡಿಜಿಟಲ್ ಹಾಡು ಗುಜರಿಗೆ ಬೀಳುವುದಿಲ್ಲ. ಕೊಂಡವನು ಸತ್ತರೆ ಅವನ ಖಾತೆಯೊಂದಿಗೇ ಅದೂ ಮುಗಿಯುತ್ತದೆ.

ಗುಜರಿಗೆ ಬೀಳದಿದ್ದರೆ ನಷ್ಟವೇನು? ಕಳೆದುಹೋದವು ಮರಳಿ ಸಿಕ್ಕ ಕಥೆಗಳಲ್ಲಿ ಇದಕ್ಕೆ ಉತ್ತರವಿದೆ. ಫ್ರಿಟ್ಸ್ ಲಾಂಗ್‌ನ 1927ರ 'ಮೆಟ್ರೊಪೊಲಿಸ್' ಚಿತ್ರವನ್ನು ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ಕತ್ತರಿಸಿ ಕಿರಿದುಮಾಡಲಾಗಿತ್ತು. ಬಹುಪಾಲು ಪೂರ್ಣ ರೂಪದ ಪ್ರತಿ 2008ರಲ್ಲಿ ಸಿಕ್ಕಿದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಒಂದು ವಸ್ತುಸಂಗ್ರಹಾಲಯದಲ್ಲಿ. ಬಿಬಿಸಿ ತಾನೇ ಟೇಪ್ ಅಳಿಸಿ ಕಳೆದುಕೊಂಡಿದ್ದ 'ಡಾಕ್ಟರ್ ಹೂ' ಧಾರಾವಾಹಿಯ ಒಂಬತ್ತು ಕಂತುಗಳು ನೈಜೀರಿಯಾದ ಟಿ.ವಿ. ಕೇಂದ್ರವೊಂದರ ಉಗ್ರಾಣದಿಂದ ಬಂದು 2013ರಲ್ಲಿ ಬೆಳಕು ಕಂಡವು. ಅಲ್ಲಿಗೆ ಕಳಿಸಿದ್ದ ಪ್ರಿಂಟುಗಳು ಕೆಲಸ ಮುಗಿದ ಮೇಲೆ ವಾಪಸು ಬರಬೇಕಿತ್ತು, ಇಲ್ಲವೇ ನಾಶವಾಗಬೇಕಿತ್ತು. ಯಾರೋ ಮೈಗಳ್ಳತನ ಮಾಡಿದ್ದರಿಂದ ಉಳಿದವು ಎಂದರೂ ನಡೆದೀತು. ನಿಯಮದಂತೆ ನಡೆದುಕೊಂಡ ಪ್ರತಿಗಳು ಸತ್ತವು, ನಿಯಮ ಮುರಿದವು ಬದುಕಿದವು.

ಕನ್ನಡ ನೆಲಕ್ಕೆ ಈ ವಿದ್ಯೆ ಹೊಸದೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರವೆಂಬುದು ಹೆಸರಷ್ಟೇ ಆಗಿದ್ದಾಗ, ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು 1905ರಲ್ಲಿ ಗುರುತಿಸಿದರು. ಒಂದು ಮನೆಯಲ್ಲಿ ಒಂದು ಪ್ರತಿ ಇದ್ದದ್ದಕ್ಕೆ ಆಯಿತು. ಅದಕ್ಕೂ ಸುಮಾರು ಸಾವಿರ ವರ್ಷ ಹಿಂದೆ ಅತ್ತಿಮಬ್ಬೆ ಅದೃಷ್ಟವನ್ನು ನೆಚ್ಚಿಕೊಳ್ಳಲಿಲ್ಲ. ಪೊನ್ನನ 'ಶಾಂತಿಪುರಾಣ' ಮರೆಯಾದೀತೆಂದು ಅದರ ಸಾವಿರ ಓಲೆಪ್ರತಿಗಳನ್ನು ಬರೆಸಿ ಹಂಚಿದಳು. ಒಂದೊಂದು ಗರಿಯನ್ನೂ ಲಿಪಿಕಾರ ಕಂಟದಿಂದ ಕೊರೆಯಬೇಕಿದ್ದ ಕಾಲದಲ್ಲಿ ಸಾವಿರ! ದಾನಚಿಂತಾಮಣಿಯೆಂದು ಹೊಗಳಿ ಅದನ್ನು ಪುಣ್ಯದ ಲೆಕ್ಕಕ್ಕೆ ಬರೆಯುವುದು ವಾಡಿಕೆ. ಅದರೊಳಗಿನ ಲೆಕ್ಕಾಚಾರವೂ ಮೆಚ್ಚತಕ್ಕದ್ದೇ: ಒಂದು ಬಸದಿಯ ಭಂಡಾರದಲ್ಲಿ ಭದ್ರವಾಗಿಟ್ಟರೆ ಒಂದು ಬೆಂಕಿ ಸಾಕು, ಸಾವಿರ ಕೈಗೆ ಕೊಟ್ಟರೆ ಯಾವ ಬೆಂಕಿಯೂ ಸಾಲದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯ ಡಿಜಿಟಲ್ ಪತ್ರಿಕೆಗಳನ್ನು ಉಳಿಸಲು ನಡೆಸುವ ಯೋಜನೆಯ ಹೆಸರೇ ಲಾಕ್ಸ್. ಬಿಡಿಸಿದರೆ, ಪ್ರತಿಗಳು ಬಹಳವಿದ್ದರೆ ವಸ್ತು ಕ್ಷೇಮ ಎಂಬರ್ಥ.

ಡಿಜಿಟಲ್ಲಿಗೂ ಅತ್ತಿಮಬ್ಬೆಯ ಲೆಕ್ಕವೇ ಅನ್ವಯಿಸುತ್ತದೆ ಎನ್ನಲು ಬೆಂಗಳೂರಿನದೇ ಸಾಕ್ಷಿಯುಂಟು. ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದ 'ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ' ಕನ್ನಡದ ಹಳೆಯ ಪುಸ್ತಕಗಳೂ ಸೇರಿ ಲಕ್ಷಾಂತರ ಗ್ರಂಥಗಳನ್ನು ಸ್ಕ್ಯಾನ್ ಮಾಡಿ ಜಾಲತಾಣದಲ್ಲಿಟ್ಟಿತ್ತು. ಸಂಶೋಧಕರಿಗೆ ಅದು ಕಾಮಧೇನು. ಕಳೆದ ದಶಕದಲ್ಲಿ ಆ ತಾಣ ಸ್ಥಗಿತಗೊಂಡಿತು. ಅಷ್ಟರಲ್ಲಿ ಬಹುಪಾಲು ಕಡತಗಳ ಪ್ರತಿ ಇಂಟರ್‌ನೆಟ್ ಆರ್ಕೈವ್‌ಗೆ ಹೋಗಿತ್ತು. ಇಂದು ಮುದ್ರಣ ನಿಂತುಹೋದ ಕನ್ನಡ ಪುಸ್ತಕವನ್ನು ಮನೆಯಲ್ಲೇ ಕೂತು ತೆರೆಯುವವರು ಓದುತ್ತಿರುವುದು ಎಷ್ಟೋ ಸಲ ಆ ಎರಡನೆಯ ಪ್ರತಿಯನ್ನೇ. ಕಡತಕ್ಕೆ ಬೀಗವಿರಲಿಲ್ಲ, ಹಾಗಾಗಿ ನಕಲಾಯಿತು. ನಕಲಾಯಿತು, ಹಾಗಾಗಿ ಉಳಿಯಿತು.

ಆದ್ದರಿಂದ ಡಿಸ್ಕಿಗೆ ಆರತಿ ಎತ್ತುವ ಅಗತ್ಯವಿಲ್ಲ. ಡಿ.ವಿ.ಡಿ.ಗಳೂ ಸಾಧುಗಳಾಗಿರಲಿಲ್ಲ, ಭಾರತದ ಪ್ಲೇಯರಿನಲ್ಲಿ ಅಮೆರಿಕದ ಡಿಸ್ಕ್ ಆಡದಂತೆ ಕಂಪನಿಗಳು ಲೋಕವನ್ನು ವಲಯಗಳಾಗಿ ಹಂಚಿಕೊಂಡಿದ್ದವು. ಮಲೆನಾಡಿನ ಒಂದು ಮಳೆಗಾಲ ಸಾಕು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಲು. ಮತ್ತೆ ಫ್ಯಾಷನ್ ಆಗಿರುವ ವಿನೈಲ್ ತಟ್ಟೆಯಂತೂ (2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಿಂತ ಹೆಚ್ಚು ಮಾರಾಟವಾಯಿತು, ಸುಮಾರು 4.1 ಕೋಟಿಗೆ 3.3 ಕೋಟಿ) ಇಲ್ಲಿ ಒಂದಕ್ಕೆ ಎರಡು ಮೂರು ಸಾವಿರ ರೂಪಾಯಿ ಬೀಳುವ ಉಳ್ಳವರ ಶೋಕಿ. ಕೇಳಬೇಕಾದ ಸೌಲಭ್ಯ ಇದಕ್ಕಿಂತ ಅಗ್ಗದ್ದು: ದುಡ್ಡು ಕೊಟ್ಟವನಿಗೆ ಬೀಗವಿಲ್ಲದ ಒಂದು ಕಡತ, ಅದನ್ನು ಇಟ್ಟುಕೊಳ್ಳುವ ಮತ್ತು ಬಿಟ್ಟುಹೋಗುವ ಹಕ್ಕು. ಇದರಿಂದ ಕಳ್ಳ ನಕಲು ಹೆಚ್ಚುತ್ತದೆಂಬುದು ಉದ್ಯಮದ ಆತಂಕ. ಫ್ಲೈಟ್‌ನಂಥ ಅಂಗಡಿಗೆ ಬೀಗವಿಲ್ಲದ ಹಾಡು ಕೊಟ್ಟದ್ದು ಇವೇ ಸಂಗೀತ ಕಂಪನಿಗಳು ಎಂಬುದನ್ನು ನೆನೆದರೆ ಆ ಆತಂಕದ ತೂಕ ಇಳಿಯುತ್ತದೆ.

ವ್ಯಾಪಾರಿಗಳು ಕೊಡದಿದ್ದರೆ ಸರ್ಕಾರವಾದರೂ ಇಟ್ಟುಕೊಳ್ಳಬಹುದಿತ್ತು. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' 2024ರಲ್ಲಿ ಹೊಸ ಕಳೆಯೊಂದಿಗೆ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡದ್ದು, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಅದರ ಮೂಲ ನೆಗೆಟಿವ್ ಉಳಿದಿದ್ದರಿಂದ. ಪುಸ್ತಕ ಮತ್ತು ಪತ್ರಿಕೆಗಳ ಪ್ರತಿಯನ್ನು ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಕೆಲವು ಗ್ರಂಥಾಲಯಗಳಿಗೂ ಕಳಿಸಲೇಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಹಾಡಿನ ಬಗ್ಗೆ, ಸಿನಿಮಾದ ಬಗ್ಗೆ ಅದರಲ್ಲಿ ಮಾತಿಲ್ಲ.

ಇನ್ನೊಂದು ಕಲಮು ಕೃತಿಸ್ವಾಮ್ಯ ಕಾಯ್ದೆಯದು. 2012ರ ತಿದ್ದುಪಡಿಯಲ್ಲಿ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಗಳು ಕೃತಿಯೊಂದನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಅವಕಾಶ ಸಿಕ್ಕಿತು. ಒಳ್ಳೆಯ ಹೆಜ್ಜೆ. ಷರತ್ತು ಒಂದೇ: ಆ ಗ್ರಂಥಾಲಯದ ಬಳಿ ಅದೇ ಕೃತಿಯ ಡಿಜಿಟಲ್ ಅಲ್ಲದ ಪ್ರತಿಯೊಂದು ಮೊದಲೇ ಇರಬೇಕು. 2020ರ ಜುಲೈನಲ್ಲಿ, ಕೊರೊನಾಕ್ಕೆ ಚಿತ್ರಮಂದಿರಗಳು ಮುಚ್ಚಿದ್ದಾಗ, 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಎಂಬ ಎರಡು ಕನ್ನಡ ಚಿತ್ರಗಳು ಒಂದು ವಾರದ ಅಂತರದಲ್ಲಿ ನೇರವಾಗಿ ಓಟಿಟಿಗೆ ಬಂದವು. ಅಂಥ ಚಿತ್ರವನ್ನು ಉಳಿಸಬೇಕೆಂದು ಯಾವುದಾದರೂ ಜಿಲ್ಲಾ ಗ್ರಂಥಾಲಯದ ಗ್ರಂಥಪಾಲಕರಿಗೆ ನಾಳೆ ಮನಸ್ಸು ಬಂದರೆ, ಕಾನೂನು ಕೇಳುವ ಆ ಮೊದಲ ಪ್ರತಿಯನ್ನು ಅವರು ಯಾವ ಅಂಗಡಿಗೆ ಹೋಗಿ ಕೊಳ್ಳಬೇಕು?